ಹೃದಯಾಘಾತದ ನಂತರದ ಮಾತ್ರೆಗಳು: ಯಾವುದು, ಎಷ್ಟು ದಿನ, ಏಕೆ ಬಿಡಬಾರದು

ಮೆಟ್ಟೂರು: ಹೃದಯಾಘಾತವಾಗಿ ಆಸ್ಪತ್ರೆಯಿಂದ ಮನೆಗೆ ಬಂದವರು ಮೊದಲ ತಿಂಗಳು ಮಾತ್ರೆ ತಪ್ಪಿಸುವುದು ಕಡಿಮೆ. ಎದೆನೋವು ನಿಂತು, ಓಡಾಟ ಶುರುವಾಗಿ, ಹೊಲದ ಕಡೆಗೂ ಹೋಗಿ ಬರುವಂತಾದಾಗ ಮಾತ್ರೆಗಳು ಒಂದೊಂದಾಗಿ ನಿಲ್ಲುತ್ತವೆ. 'ವಾಸಿಯಾಯಿತಲ್ಲ, ಇನ್ನೇಕೆ?' ಎಂಬುದು ಸಾಮಾನ್ಯವಾಗಿ ಕೇಳಿಬರುವ ಮಾತು. ಆದರೆ ಈ ಮಾತ್ರೆಗಳು ಆಗಿಹೋದ ನೋವಿಗಲ್ಲ, ಮುಂದೆ ಆಗಬಹುದಾದ ಇನ್ನೊಂದು ಆಘಾತವನ್ನು ತಡೆಯುವುದಕ್ಕೆ.

ಈ ಸಮಸ್ಯೆ ಇಲ್ಲಿಯದು ಮಾತ್ರವಲ್ಲ. ಶ್ರೀಮಂತ ದೇಶಗಳಲ್ಲಿಯೂ ದೀರ್ಘಕಾಲದ ಕಾಯಿಲೆ ಇರುವವರಲ್ಲಿ ಸುಮಾರು ಅರ್ಧದಷ್ಟು ಮಂದಿ ಮಾತ್ರ ಹೇಳಿದಂತೆ ಔಷಧ ತೆಗೆದುಕೊಳ್ಳುತ್ತಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2003ರಲ್ಲಿ ತಿಳಿಸಿತ್ತು. ಭಾರತವೂ ಸೇರಿ 17 ದೇಶಗಳಲ್ಲಿ ನಡೆದ 'ಪ್ಯೂರ್' ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಕಡಿಮೆ ಆದಾಯದ ದೇಶಗಳಲ್ಲಿ ಹೃದ್ರೋಗ ಅಥವಾ ಪಾರ್ಶ್ವವಾಯು ಬಂದಿದ್ದ 100 ಜನರಲ್ಲಿ ಸುಮಾರು 80 ಮಂದಿ ಅಗತ್ಯ ಔಷಧಗಳಲ್ಲಿ ಒಂದನ್ನೂ ತೆಗೆದುಕೊಳ್ಳುತ್ತಿರಲಿಲ್ಲ.

ಗಡಿಯ ಊರುಗಳ ತೊಡಕು

ಮೆಟ್ಟೂರು, ಕೊಳತ್ತೂರು ಭಾಗದ ಕನ್ನಡ ಮನೆಗಳಲ್ಲಿ ಇನ್ನೊಂದು ತೊಡಕೂ ಇದೆ. ಚಿಕಿತ್ಸೆ ಮೆಟ್ಟೂರಿನ ಸರ್ಕಾರಿ ಆಸ್ಪತ್ರೆಯಲ್ಲೋ ಸೇಲಂನ ಮೋಹನ್ ಕುಮಾರಮಂಗಲಂ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲೋ ಆಗಿರುತ್ತದೆ. ಆನಂತರ ಪಾಲಾರ್ ದಾಟಿ ಕೊಳ್ಳೇಗಾಲಕ್ಕೋ ಮೈಸೂರಿಗೋ ಮಕ್ಕಳ ಮನೆಗೆ ಹೋದವರು ಅಲ್ಲಿ ಜಯದೇವ ಆಸ್ಪತ್ರೆಯಲ್ಲಿ ತೋರಿಸುತ್ತಾರೆ. ಆಸ್ಪತ್ರೆಯ ಚೀಟಿ ಇಂಗ್ಲಿಷಿನಲ್ಲಿ, ವಿವರಣೆ ತಮಿಳಿನಲ್ಲಿ, ಮನೆಯ ಮಾತು ಕನ್ನಡದಲ್ಲಿ. ತಮಿಳು ಮಾತು ಬಂದರೂ ಅಕ್ಷರ ಬಾರದ ಹಿರಿಯರು ಮಾತ್ರೆಯನ್ನು ಬಣ್ಣ ನೋಡಿ ಗುರುತಿಸುತ್ತಾರೆ. ಕಂಪನಿ ಬದಲಾದರೆ ಬಣ್ಣವೂ ಬದಲಾಗುತ್ತದೆ.

ಇದರಿಂದ ಎರಡು ಬಗೆಯ ತಪ್ಪು ಆಗಬಹುದು. ಒಂದು, ಹೊಸ ಚೀಟಿ ಬಂತೆಂದು ಹಳೆಯದರಲ್ಲಿದ್ದ ಬೇಕಾದ ಮಾತ್ರೆಯನ್ನು ಬಿಡುವುದು. ಎರಡು, ಒಂದೇ ಔಷಧವನ್ನು ಎರಡು ಹೆಸರಿನಲ್ಲಿ ನುಂಗುವುದು. ಉದಾಹರಣೆಗೆ, 'ಇಕೋಸ್ಪ್ರಿನ್-ಎವಿ' ಎಂಬುದರಲ್ಲಿ ಆಸ್ಪಿರಿನ್ ಮತ್ತು ಅಟೋರ್ವಾಸ್ಟಾಟಿನ್ ಎರಡೂ ಇವೆ. ಅದರ ಜೊತೆ ಬೇರೆ ಚೀಟಿಯ ಆಸ್ಪಿರಿನ್ ಮಾತ್ರೆಯನ್ನೂ ತೆಗೆದುಕೊಂಡರೆ ಪ್ರಮಾಣ ಹೆಚ್ಚಾಗಿ ರಕ್ತಸ್ರಾವದ ಅಪಾಯವಿದೆ.

ಸಾಮಾನ್ಯವಾಗಿ ಕೊಡುವ ಔಷಧಗಳು

* ಆಸ್ಪಿರಿನ್: ರಕ್ತ ಹೆಪ್ಪುಗಟ್ಟುವುದನ್ನು ತಡೆಯುತ್ತದೆ. ಸಾಮಾನ್ಯವಾಗಿ ಜೀವನಪೂರ್ತಿ ಬೇಕು.

* ಕ್ಲೋಪಿಡೋಗ್ರೆಲ್ ಅಥವಾ ಟಿಕಾಗ್ರೆಲಾರ್: ಆಸ್ಪಿರಿನ್ ಜೊತೆಗೆ, ಹೆಚ್ಚಿನವರಿಗೆ 12 ತಿಂಗಳು. ಟಿಕಾಗ್ರೆಲಾರ್ ದಿನಕ್ಕೆ ಎರಡು ಬಾರಿ. ಸ್ಟೆಂಟ್ ಹಾಕಿಸಿಕೊಂಡವರು ಇವನ್ನು ನಡುವೆ ನಿಲ್ಲಿಸಿದರೆ ಸ್ಟೆಂಟಿನೊಳಗೇ ರಕ್ತ ಹೆಪ್ಪುಗಟ್ಟಿ ಜೀವಕ್ಕೆ ಅಪಾಯವಾಗಬಹುದು. ಹಲ್ಲು ಕೀಳಿಸುವ ಅಥವಾ ಶಸ್ತ್ರಚಿಕಿತ್ಸೆ ಮಾಡಿಸುವ ಮುನ್ನ ಹೃದಯ ವೈದ್ಯರನ್ನು ಕೇಳದೆ ಬಿಡಬಾರದು.

* ಅಟೋರ್ವಾಸ್ಟಾಟಿನ್ ಅಥವಾ ರೋಸುವಾಸ್ಟಾಟಿನ್: ಕೊಲೆಸ್ಟರಾಲ್ ಇಳಿಸುತ್ತವೆ. ರಕ್ತ ಪರೀಕ್ಷೆಯಲ್ಲಿ ಕೊಲೆಸ್ಟರಾಲ್ ಸರಿಯಾಗಿದೆ ಎಂದು ಬಂದರೂ ಮುಂದುವರಿಸಬೇಕು. ಮೈಕೈ ನೋವು ಕಾಣಿಸಿಕೊಂಡರೆ ವೈದ್ಯರು ಪ್ರಮಾಣ ಬದಲಿಸಬಹುದು.

* ಮೆಟೊಪ್ರೊಲಾಲ್‌ನಂಥವು: ಹೃದಯದ ಬಡಿತ ಮತ್ತು ರಕ್ತದೊತ್ತಡವನ್ನು ತಗ್ಗಿಸುತ್ತವೆ. ಇವನ್ನು ಒಮ್ಮೆಲೇ ನಿಲ್ಲಿಸುವುದು ಅಪಾಯಕಾರಿ.

* ರಾಮಿಪ್ರಿಲ್, ಎನಾಲಾಪ್ರಿಲ್: ಹೃದಯದ ಹೊರೆ ಕಡಿಮೆ ಮಾಡುತ್ತವೆ. ಕೆಲವರಿಗೆ ಒಣಕೆಮ್ಮು ಬರುತ್ತದೆ. ಆಗ ಬಿಟ್ಟುಬಿಡುವ ಬದಲು ವೈದ್ಯರಿಗೆ ಹೇಳಿದರೆ ಬೇರೆ ಮಾತ್ರೆ ಸಿಗುತ್ತದೆ.

* ಸಾರ್ಬಿಟ್ರೇಟ್: ಎದೆನೋವು ಬಂದಾಗ ಕುಳಿತುಕೊಂಡು ನಾಲಿಗೆಯ ಕೆಳಗೆ ಇಟ್ಟುಕೊಳ್ಳಬೇಕು. 5 ನಿಮಿಷದಲ್ಲಿ ನೋವು ತಗ್ಗದಿದ್ದರೆ ಕಾಯದೆ 108ಕ್ಕೆ ಕರೆ ಮಾಡಬೇಕು. ಎರಡೂ ರಾಜ್ಯಗಳಲ್ಲಿ ಇದೇ ಸಂಖ್ಯೆ.

ತಪ್ಪಿಹೋದರೆ ಏನು ಮಾಡಬೇಕು?

ಒಂದು ಹೊತ್ತಿನ ಮಾತ್ರೆ ಮರೆತರೆ ನೆನಪಾದಾಗ ತೆಗೆದುಕೊಳ್ಳಬಹುದು. ಮುಂದಿನ ಮಾತ್ರೆಯ ಸಮಯ ಹತ್ತಿರವಾಗಿದ್ದರೆ ಮರೆತದ್ದನ್ನು ಬಿಡಬೇಕು. ಎರಡನ್ನು ಒಟ್ಟಿಗೆ ನುಂಗಬಾರದು. ಮಲ ಕಪ್ಪಾಗಿ ಹೋದರೆ, ವಾಂತಿಯಲ್ಲಿ ರಕ್ತ ಬಂದರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಮಾದಪ್ಪನ ಬೆಟ್ಟಕ್ಕೆ ಕಾಲ್ನಡಿಗೆಯಲ್ಲಿ ಹೋಗುವವರು, ಶಿವರಾತ್ರಿ ಉಪವಾಸ ಇರುವವರು ಮಾತ್ರೆಯನ್ನು ಜೊತೆಯಲ್ಲಿ ಒಯ್ಯಬೇಕು. ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಊಟವಿಲ್ಲದೆ ತೆಗೆದುಕೊಂಡರೆ ತಲೆಸುತ್ತು ಬರಬಹುದು. ಆದ್ದರಿಂದ ಉಪವಾಸಕ್ಕೆ ಮೊದಲೇ ವೈದ್ಯರನ್ನು ಕೇಳುವುದು ಒಳಿತು. ಮಂಡಿನೋವಿಗೆಂದು ಮೆಡಿಕಲ್ ಶಾಪಿನಲ್ಲಿ ಡೈಕ್ಲೋಫೆನಾಕ್, ಐಬುಪ್ರೊಫೆನ್ ಕೊಂಡು ನುಂಗುವುದು ಹೃದ್ರೋಗಿಗಳಿಗೆ ಒಳ್ಳೆಯದಲ್ಲ. ನಾಟಿ ಔಷಧ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ವೈದ್ಯರಿಂದ ಮುಚ್ಚಿಡಬಾರದು.

ಸರ್ಕಾರದ ಯೋಜನೆಗಳು

ತಮಿಳುನಾಡಿನ 'ಮಕ್ಕಳೈ ತೇಡಿ ಮರುತ್ತುವಂ' ಯೋಜನೆ 2021ರ ಆಗಸ್ಟ್ 5ರಂದು ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿಯಲ್ಲಿ ಆರಂಭವಾಯಿತು. ರಕ್ತದೊತ್ತಡ ಮತ್ತು ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ಮನೆ ಬಾಗಿಲಿಗೆ ತಲುಪಿಸುವುದು ಇದರ ಮುಖ್ಯ ಕೆಲಸ. 2023ರಲ್ಲಿ ಬಂದ 'ಇದಯಂ ಕಾಪ್ಪೋಂ' ಯೋಜನೆಯಲ್ಲಿ ಎದೆನೋವೆಂದು ಬಂದವರಿಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಆಸ್ಪಿರಿನ್, ಕ್ಲೋಪಿಡೋಗ್ರೆಲ್, ಅಟೋರ್ವಾಸ್ಟಾಟಿನ್ ಮಾತ್ರೆಗಳ ಮೊದಲ ದೊಡ್ಡ ಪ್ರಮಾಣ ಕೊಟ್ಟು ದೊಡ್ಡ ಆಸ್ಪತ್ರೆಗೆ ಕಳುಹಿಸುತ್ತಾರೆ. ಕರ್ನಾಟಕದಲ್ಲಿ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ 2024ರಲ್ಲಿ ಚಾಲನೆಗೆ ಬಂದು, ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ಮತ್ತು ಹೆಪ್ಪು ಕರಗಿಸುವ ಇಂಜೆಕ್ಷನ್ ಉಚಿತವಾಗಿ ಸಿಗುವಂತೆ ಮಾಡಿತು.

ಕೊನೆಯ ಎರಡು ಯೋಜನೆಗಳು ಮೊದಲ ಕೆಲವು ಗಂಟೆಗಳಲ್ಲಿ ಜೀವ ಉಳಿಸುವುದಕ್ಕೆ. ಆರೋಗ್ಯ ಕೇಂದ್ರದಲ್ಲಿ ಕೊಟ್ಟ ಆ ಒಂದು ಸಲದ ಮಾತ್ರೆಗೇ ಚಿಕಿತ್ಸೆ ಮುಗಿಯಿತು ಎಂದುಕೊಳ್ಳಬಾರದು. ನಂತರದ ವರ್ಷಗಳ ಮಾತ್ರೆಯನ್ನು ಸರ್ಕಾರಿ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಕೇಳಿ ಪಡೆಯಬಹುದು. ಹೊರಗೆ ಕೊಳ್ಳುವವರಿಗೆ ಜನೌಷಧಿ ಕೇಂದ್ರಗಳಲ್ಲಿ ಬೆಲೆ ಕಡಿಮೆ. ತಮಿಳುನಾಡು ಸರ್ಕಾರ 2025ರ ಫೆಬ್ರುವರಿಯಲ್ಲಿ 'ಮುದಲ್ವರ್ ಮರುಂದಗಂ' ಮಳಿಗೆಗಳನ್ನೂ ತೆರೆಯಿತು.

ಮನೆಯವರು ಮಾಡಬಹುದಾದದ್ದು

ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯ ನೇತೃತ್ವದಲ್ಲಿ ದೇಶದ 14 ಆಸ್ಪತ್ರೆಗಳ 806 ರೋಗಿಗಳ ಮೇಲೆ ನಡೆದ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ರೋಗಿಗಳೊಂದಿಗೆ ಮಾತನಾಡಿ, ಚಿತ್ರ ತೋರಿಸಿ, ಡೈರಿ ಬರೆಸಿದರು. ಒಂದು ವರ್ಷದ ನಂತರ ಅವರ ನೆರವು ಪಡೆದವರಲ್ಲಿ ಶೇ. 97, ಉಳಿದವರಲ್ಲಿ ಶೇ. 92 ಮಂದಿ ಸರಿಯಾಗಿ ಮಾತ್ರೆ ತೆಗೆದುಕೊಳ್ಳುತ್ತಿದ್ದರು. ಇದರಲ್ಲಿ ದೊಡ್ಡ ಯಂತ್ರವೇನೂ ಇರಲಿಲ್ಲ. ಓದುಬರಹ ಬಲ್ಲ ಮಗಳೋ ಸೊಸೆಯೋ ಮೊಮ್ಮಗನೋ ಮನೆಯಲ್ಲಿ ಇಂಥದೇ ಕೆಲಸ ಮಾಡಬಹುದು.

ಅದಕ್ಕೆ ಒಂದೇ ಹಾಳೆ ಸಾಕು. ಔಷಧದ ಮೂಲ ಹೆಸರನ್ನು ಇಂಗ್ಲಿಷಿನಲ್ಲಿಯೂ, ಯಾವುದಕ್ಕೆ, ಯಾವ ಹೊತ್ತಿಗೆ, ಎಲ್ಲಿಯವರೆಗೆ ಎಂಬುದನ್ನು ಕನ್ನಡ ಮತ್ತು ತಮಿಳಿನಲ್ಲಿಯೂ ಬರೆದಿಡಬೇಕು. ಚೀಟಿಯಲ್ಲಿ 1-0-1 ಎಂದಿದ್ದರೆ ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು ಎಂದರ್ಥ. ಸ್ಟೆಂಟ್ ಹಾಕಿದ ದಿನಾಂಕವೂ ಅದರಲ್ಲಿರಲಿ. ಸೇಲಂಗೆ ಹೋದರೂ ಮೈಸೂರಿಗೆ ಹೋದರೂ ಇದೇ ಹಾಳೆಯನ್ನೂ ಎಲ್ಲ ಮಾತ್ರೆಗಳನ್ನೂ ಒಯ್ದು ತೋರಿಸಬೇಕು. ಮಾತ್ರೆ ಮುಗಿಯಲು ಒಂದು ವಾರ ಇರುವಾಗಲೇ ತರಿಸಿಡಬೇಕು. ಯಾವ ಮಾತ್ರೆಯನ್ನು ಯಾವಾಗ ನಿಲ್ಲಿಸಬೇಕು ಎಂಬುದನ್ನು ತೀರ್ಮಾನಿಸಬೇಕಾದವರು ಚಿಕಿತ್ಸೆ ನೀಡುವ ವೈದ್ಯರು ಮಾತ್ರ.