ಕುಂಬಾರನ ಕೇಸು

ಮಡಕೆ ಇದ್ದ ಮೇಲೆ ಕುಂಬಾರ ಇರಲೇಬೇಕಲ್ವಾ? ಹಾಗೇ ಜಗತ್ತಿಗೂ ಒಬ್ಬ ಕರ್ತ ಇರಬೇಕು. ಕ್ರೈಸ್ತ ನಂಬಿಕೆಯನ್ನು ತರ್ಕದಿಂದ ಸಮರ್ಥಿಸುವವರು ಸಾಮಾನ್ಯವಾಗಿ ಶುರು ಮಾಡೋದು ಇಂಥ ವಾದದಿಂದಲೇ. ಈ ವಿದ್ಯೆಗೆ ಅಪಾಲಜೆಟಿಕ್ಸ್ ಅಂತ ಹೆಸರು. ಕ್ಷಮೆ ಕೇಳೋದಲ್ಲ ಮಾರಾಯ್ರೆ, ಮೂಲ ಗ್ರೀಕ್ ಪದಕ್ಕೆ ಕೋರ್ಟಿನಲ್ಲಿ ಆರೋಪಕ್ಕೆ ಕೊಡುವ ಉತ್ತರ ಅಂತ ಅರ್ಥ.

ಬಾಸೆಲ್ ಮಿಷನ್ನಿನ ಪಾದ್ರಿಗಳು ಮಂಗಳೂರಿಗೆ ಬಂದಿದ್ದು 1834ರಲ್ಲಿ. ಅಷ್ಟು ಹೊತ್ತಿಗೆ ನಮ್ಮ ಕಡೆ ಈ ಕುಂಬಾರನ ಕೇಸು ಹಳತಾಗಿತ್ತು! ನೈಯಾಯಿಕರು ಇದೇ ಮಡಕೆ ತೋರಿಸಿ ಈಶ್ವರನನ್ನು ಸಾಧಿಸ್ತಿದ್ದರು. ಉಡುಪಿಯ ಮಧ್ವಾಚಾರ್ಯರು 13ನೇ ಶತಮಾನದಲ್ಲೇ ಅದು ಸಾಲದು ಅಂದರು. ದೇವರಿಲ್ಲ ಅಂತಲ್ಲ, ಬರೀ ಅನುಮಾನದಿಂದ ದೇವರು ಸಿದ್ಧವಾಗೋದಿಲ್ಲ, ಅದಕ್ಕೆ ಶಾಸ್ತ್ರವೇ ಪ್ರಮಾಣ ಅಂತ. ಇನ್ನು ಕಾರ್ಕಳದಲ್ಲಿ 1432ರಿಂದ ಗೊಮ್ಮಟ ನಿಂತಿದ್ದಾನೆ. ಜೈನರಿಗೆ ಜಗತ್ತು ಅನಾದಿ, ಸೃಷ್ಟಿಕರ್ತನೇ ಬೇಡ. ಮಣಿಪಾಲದಲ್ಲಿ ಇಂಜಿನಿಯರಿಂಗ್ ಓದುವಾಗ ಈ ಎರಡೂ ಊರಿಗೆ ಬಸ್ಸಲ್ಲಿ ಎಷ್ಟೋ ಸಲ ಹೋಗಿದ್ದೇನೆ, ಇದು ಮಾತ್ರ ಹೊಳೆದಿರಲಿಲ್ಲ.

ಹಾಗಾದರೆ ಕ್ರೈಸ್ತರ ಗಟ್ಟಿ ವಾದ ಯಾವುದು? ನನ್ನ ಪ್ರಕಾರ ಅದು ತತ್ವಶಾಸ್ತ್ರದ್ದಲ್ಲ, ಚರಿತ್ರೆಯದ್ದು. ರೋಮನ್ ಅಧಿಕಾರಿ ಪಿಲಾತನ ಕಾಲದಲ್ಲಿ ಯೇಸುವನ್ನು ಶಿಲುಬೆಗೇರಿಸಿದರು, ಮೂರನೇ ದಿನ ಯೇಸು ಎದ್ದು ಬಂದರು, ನೋಡಿದವರಿದ್ದಾರೆ ಅನ್ನೋದು. ಪೌಲ ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ ಸಾಕ್ಷಿಗಳ ಪಟ್ಟಿಯನ್ನೇ ಕೊಡ್ತಾನೆ. 500ಕ್ಕೂ ಹೆಚ್ಚು ಜನ ಒಟ್ಟಿಗೇ ನೋಡಿದರು, ಅವರಲ್ಲಿ ಬಹಳಷ್ಟು ಜನ ಇನ್ನೂ ಇದ್ದಾರೆ ಅಂತಾನೆ. ಅದು ನಡೆದೇ ಇಲ್ಲ ಅಂತಾದರೆ ತಾನು ಸಾರೋದರಲ್ಲಿ ಹುರುಳಿಲ್ಲ ಅಂತಲೂ ಹೇಳಿಬಿಡ್ತಾನೆ. ನಮ್ಮ ಸಾಫ್ಟ್‌ವೇರ್ ಭಾಷೇಲಿ, ತನ್ನ ಪ್ರೋಗ್ರಾಂ ಫೇಲ್ ಆಗಬಹುದಾದ ಟೆಸ್ಟ್ ಕೇಸನ್ನು ತಾನೇ ಬರೆದುಕೊಟ್ಟ ಹಾಗೆ. ಒಪ್ಪಲಿ ಬಿಡಲಿ, ಈ ಧೈರ್ಯ ನನಗಿಷ್ಟ.

ಆದರೆ ಉಡುಪಿಯಲ್ಲಿ ‘ಸಾಕ್ಷಿ’ ಅಂದ್ರೆ ಇನ್ನೊಂದು ಅರ್ಥವೂ ಇದೆ. ಮಾಧ್ವರಿಗೆ ಸಾಕ್ಷಿ ಹೊರಗಿನವನಲ್ಲ, ನಮಗಾದ ಜ್ಞಾನ ಸರಿಯೋ ಅಲ್ಲವೋ ಅಂತ ತೀರ್ಮಾನಿಸೋ, ಆತ್ಮದೊಳಗಿನ ಶಕ್ತಿ. ಎಲ್ಲೋ ದೂರದ ಊರಲ್ಲಿ 500 ಜನ ನೋಡಿದ್ದು ಈ ಕೋರ್ಟಿನಲ್ಲಿ ನಿಲ್ಲುತ್ತಾ?

ಫರ್ಡಿನಾಂಡ್ ಕಿಟ್ಟೆಲ್‌ಗೆ ಇಲ್ಲಿಯವರ ಪ್ರಮಾಣದ ಲೆಕ್ಕ ತಿಳಿದಿತ್ತು ಅನ್ಸುತ್ತೆ. 1853ರಲ್ಲಿ ಬಂದ ಇವರು 1862ರಲ್ಲಿ ಯೇಸುವಿನ ಕಥೆಯನ್ನು ಕನ್ನಡ ಪದ್ಯದಲ್ಲಿ ‘ಕಥಾಮಾಲೆ’ಯಾಗಿ ತಂದರು. 1872ರ ‘ಯಜ್ಞಸುಧಾನಿಧಿ’ಗೆ ಯಜ್ಞವನ್ನೇ ವಿಷಯ ಮಾಡಿಕೊಂಡರು. ಕುಂಬಾರನನ್ನು ಬಿಟ್ಟು ಶಾಸ್ತ್ರದ ಬಾಗಿಲಿಂದ ಒಳಗೆ ಬರೋ ದಾರಿ ಇದು. ಜಾಣತನವೇ. ಆದರೆ ವೇದವನ್ನು ಪ್ರಮಾಣ ಅಂತ ಒಪ್ಪಿದವನು ಅಲ್ಲಿಗೇ ನಿಲ್ಲದೆ ಶಿಲುಬೆಯವರೆಗೆ ಯಾಕೆ ಬರಬೇಕು? ಅದಕ್ಕೆ ಮತ್ತೆ ಪೌಲನ ಆ ಸಾಕ್ಷಿಗಳೇ ಬೇಕಲ್ಲ...

ದ್ವೈತ ತರ್ಕ ಓದಿಕೊಂಡವರು ಯಾರಾದ್ರೂ ಇದ್ರೆ ಹೇಳ್ರಪ್ಪ.