ಪ್ರತಿ ಹಡಗಿಗೂ ಒಂದು ಬೆಕ್ಕು

ಸುಮಾರು ನೂರ ಹತ್ತು ವರ್ಷಗಳ ಹಿಂದಿನ ಮಾತು. ನ್ಯೂಯಾರ್ಕಿನ ‘ವರ್ಲ್ಡ್’ ಪತ್ರಿಕೆಯ ಹಿರಿಯ ಪತ್ರಕರ್ತ ಐಸಾಕ್ ವೈಟ್ ಅವರ ಕಣ್ಣಿಗೆ ಒಂದು ವಿಚಿತ್ರ ಸಂಗತಿ ಬಿತ್ತು. ಯಾವುದೇ ಹಡಗು ಮುಳುಗಿದ ವರದಿ ಬರಲಿ, ಅದರಲ್ಲಿ ಒಂದು ಬೆಕ್ಕು ಇದ್ದೇ ಇರುತ್ತಿತ್ತು, ಬದುಕಿಯೂ ಉಳಿದಿರುತ್ತಿತ್ತು. ವರದಿಗಾರನನ್ನು ಕರೆಸಿ ವಿಚಾರಿಸಿದಾಗ ಅವನು ನಡೆದದ್ದನ್ನು ಮುಚ್ಚುಮರೆಯಿಲ್ಲದೆ ಹೇಳಿದ. ಹಿಂದೊಮ್ಮೆ ನಿಜವಾಗಿಯೂ ಒಂದು ಹಡಗಿನಲ್ಲಿ ಬೆಕ್ಕಿತ್ತು, ನಾವಿಕರು ಮರಳಿ ಹೋಗಿ ಅದನ್ನು ಉಳಿಸಿದ್ದರು. ಅವನು ಅದನ್ನೇ ಮುಂದು ಮಾಡಿ ಬರೆದ. ಬೆಕ್ಕನ್ನು ಬಿಟ್ಟ ಇತರ ಪತ್ರಿಕೆಗಳ ವರದಿಗಾರರು ತಮ್ಮ ಸಂಪಾದಕರಿಂದ ಬೈಸಿಕೊಂಡರು. ಮುಂದಿನ ಅಪಘಾತದಲ್ಲಿ ಬೆಕ್ಕಿರಲಿಲ್ಲ. ಆದರೂ ಅವರೆಲ್ಲ ಒಂದೊಂದನ್ನು ಸೇರಿಸಿದರು. ಇದ್ದದ್ದನ್ನಷ್ಟೇ ಬರೆದ ಇವನಿಗೆ ಈ ಸಲ ಬೈಗುಳ. ಅಲ್ಲಿಂದ ಮುಂದೆ ಬೆಕ್ಕಿಲ್ಲದೆ ಯಾವ ಹಡಗೂ ಮುಳುಗಲಿಲ್ಲ.

ನಗು ತರಿಸುವ ಈ ಪ್ರಸಂಗದಲ್ಲಿ ಸುಳ್ಳು ಸುದ್ದಿಯ ಹುಟ್ಟಿನ ಗುಟ್ಟು ಅಡಗಿದೆ. ಇಲ್ಲಿ ಯಾರಿಗೂ ಓದುಗರನ್ನು ವಂಚಿಸುವ ಸಂಚು ಇರಲಿಲ್ಲ. ಇದ್ದದ್ದು, ಇತರರಿಗಿಂತ ಹಿಂದೆ ಬಿದ್ದುಬಿಟ್ಟೇವೆಂಬ ಅಂಜಿಕೆ. ಆ ಅಂಜಿಕೆಯನ್ನು ಗೆಲ್ಲಲು ಪತ್ರಕರ್ತರಿಗೆ ಕಲಿಸುವ ಪ್ರಯತ್ನಗಳಲ್ಲಿ ಒಂದು, ಅದಕ್ಕೆ ಹೆಸರುವಾಸಿಯಾಗಿದ್ದ ಪತ್ರಿಕೆಯಲ್ಲಿಯೇ ನಡೆಯಿತು.

‘ವರ್ಲ್ಡ್’ ಜೋಸೆಫ್ ಪುಲಿಟ್ಜರ್ ಅವರ ಪತ್ರಿಕೆ. ಅದಕ್ಕೆ ಎದುರಾಳಿಯಾಗಿದ್ದುದು ವಿಲಿಯಂ ರಾಂಡಾಲ್ಫ್ ಹರ್ಸ್ಟ್ ಅವರ ‘ಜರ್ನಲ್’. 1898ರ ಫೆಬ್ರುವರಿ 15ರ ರಾತ್ರಿ ಕ್ಯೂಬಾದ ಹವಾನಾ ಬಂದರಿನಲ್ಲಿ ಅಮೆರಿಕದ ‘ಮೇನ್’ ಯುದ್ಧನೌಕೆ ಸ್ಫೋಟಗೊಂಡು 260ಕ್ಕೂ ಹೆಚ್ಚು ಮಂದಿ ಸತ್ತರು. ವಿವರ ತಿಳಿಯುವವರೆಗೆ ಯಾರೂ ತೀರ್ಮಾನಕ್ಕೆ ಬರಬಾರದೆಂದು ನೌಕೆಯ ಕಪ್ತಾನ ಚಾರ್ಲ್ಸ್ ಸಿಗ್ಸ್‌ಬಿ ತಂತಿ ಕಳುಹಿಸಿದರು. ಪತ್ರಿಕೆಗಳಿಗೆ ಅಷ್ಟು ತಾಳ್ಮೆ ಎಲ್ಲಿಯದು? ‘ಜರ್ನಲ್’ ಇದು ಶತ್ರುವಿನ ಕೃತ್ಯವೆಂದು ಸಾರಿ, ಅಪರಾಧಿಗಳನ್ನು ಹಿಡಿದುಕೊಟ್ಟವರಿಗೆ 50,000 ಡಾಲರ್ ಬಹುಮಾನ ಘೋಷಿಸಿತು. ಏಪ್ರಿಲಿನಲ್ಲಿ ಸ್ಪೇನಿನೊಡನೆ ಯುದ್ಧ ಆರಂಭವಾಯಿತು. ಯುದ್ಧಕ್ಕೆ ಪತ್ರಿಕೆಗಳೇ ಕಾರಣವೆಂದು ಇತಿಹಾಸಕಾರರು ಒಪ್ಪುವುದಿಲ್ಲ. ಬೇರೆ ಬಲವಾದ ಕಾರಣಗಳೂ ಇದ್ದವು. ಆದರೆ ಉರಿಯುವ ಬೆಂಕಿಗೆ ತುಪ್ಪ ಸುರಿದದ್ದಂತೂ ನಿಜ.

ಅದೇ ಯುದ್ಧದ ಕಾಲದಲ್ಲಿ ‘ಜರ್ನಲ್’ ತನ್ನ ಎದುರಾಳಿಗೆ ಒಂದು ಬಲೆ ಒಡ್ಡಿತು. ‘ರೆಫ್ಲೈಪ್ ಡಬ್ಲ್ಯೂ. ಥೆನ್ಯೂಜ್’ ಎಂಬ ಸೇನಾಧಿಕಾರಿಯೊಬ್ಬ ಸತ್ತನೆಂಬ ಕಟ್ಟುಸುದ್ದಿಯನ್ನು ಅದು ಪ್ರಕಟಿಸಿತು. ‘ವರ್ಲ್ಡ್’ ಅದನ್ನು ತನ್ನದೇ ಸುದ್ದಿಯೆಂಬಂತೆ ಅಚ್ಚು ಮಾಡಿತು. ಆಮೇಲೆ ‘ಜರ್ನಲ್’ ಗುಟ್ಟು ಬಿಚ್ಚಿತು. ಆ ಹೆಸರಿನ ಅಕ್ಷರಗಳನ್ನು ಅದಲುಬದಲು ಮಾಡಿ ಓದಿದರೆ ‘ನಾವು ಸುದ್ದಿ ಕದಿಯುತ್ತೇವೆ’ ಎಂಬ ಅರ್ಥದ ಇಂಗ್ಲಿಷ್ ವಾಕ್ಯ ಹೊರಡುತ್ತಿತ್ತು! ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವವರ ಪಾಡು ಹೀಗೆಯೇ.

ಪುಲಿಟ್ಜರ್ ತಮ್ಮ ಕೊನೆಯ ವರ್ಷಗಳಲ್ಲಿ ಬೇರೆ ದಾರಿ ಹಿಡಿದರು. ವಕೀಲರಿಗೆ, ವೈದ್ಯರಿಗೆ ವ್ಯಾಸಂಗ ಬೇಕಾದರೆ ಪತ್ರಕರ್ತನಿಗೇಕೆ ಬೇಡ ಎಂದು 1904ರಲ್ಲಿ ದೀರ್ಘ ಲೇಖನವೊಂದರಲ್ಲಿ ವಾದಿಸಿದರು. 1908ರಲ್ಲಿ ಮಿಸ್ಸೌರಿ ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ಶಾಲೆ ಆರಂಭವಾಯಿತು. ಪುಲಿಟ್ಜರ್ 1911ರಲ್ಲಿ ತೀರಿಕೊಂಡರು. ಅವರು ಬಿಟ್ಟುಹೋದ ಹಣದಿಂದ ಮರುವರ್ಷ ಕೊಲಂಬಿಯಾ ವಿಶ್ವವಿದ್ಯಾಲಯದ ಶಾಲೆ ಬಾಗಿಲು ತೆರೆಯಿತು.

1913ರಲ್ಲಿ ಮಗ ರಾಲ್ಫ್ ಪುಲಿಟ್ಜರ್ ‘ವರ್ಲ್ಡ್’ ಕಚೇರಿಯಲ್ಲಿಯೇ ‘ನಿಖರತೆ ಮತ್ತು ನ್ಯಾಯಪರತೆಯ ವಿಭಾಗ’ವನ್ನು ತೆರೆದು ಐಸಾಕ್ ವೈಟ್ ಅವರಿಗೆ ಒಪ್ಪಿಸಿದರು. ಓದುಗರ ದೂರುಗಳನ್ನು ವಿಚಾರಿಸುವುದು, ತಪ್ಪಿದ್ದರೆ ತಿದ್ದುಪಡಿ ಅಚ್ಚು ಮಾಡಿಸುವುದು, ಯಾರು ಪದೇ ಪದೇ ತಪ್ಪುತ್ತಾರೆಂದು ದಾಖಲೆ ಇಡುವುದು ಅದರ ಕೆಲಸ. ಬಿಡಿ ವರದಿಯಲ್ಲಿ ಬೆಕ್ಕು ಸಂಶಯ ಹುಟ್ಟಿಸುವುದಿಲ್ಲ. ಹತ್ತು ವರದಿಗಳನ್ನು ಒಟ್ಟಿಗಿಟ್ಟು ನೋಡಿದವನಿಗೆ ಮಾತ್ರ ಅದು ಕಾಣುತ್ತದೆ.

ಇದೇ ವಿಧಾನವನ್ನು 1920ರಲ್ಲಿ ವಾಲ್ಟರ್ ಲಿಪ್‌ಮನ್ ಮತ್ತು ಚಾರ್ಲ್ಸ್ ಮರ್ಜ್ ಇನ್ನೂ ದೊಡ್ಡ ವಿಷಯಕ್ಕೆ ಅನ್ವಯಿಸಿದರು. ರಷ್ಯಾದ ಕ್ರಾಂತಿಯ ಬಗ್ಗೆ ‘ನ್ಯೂಯಾರ್ಕ್ ಟೈಮ್ಸ್’ ಮೂರು ವರ್ಷಗಳಲ್ಲಿ ಪ್ರಕಟಿಸಿದ್ದ ಸುದ್ದಿಗಳನ್ನೆಲ್ಲ ಅವರು ಕೂಡಿಸಿ ಓದಿದರು. ಬೊಲ್ಷೆವಿಕ್ ಸರ್ಕಾರ ಬಿದ್ದಿದೆ ಅಥವಾ ಇನ್ನೇನು ಬೀಳಲಿದೆ ಎಂಬ ಅರ್ಥದ ವರದಿ 91 ಬಾರಿ ಬಂದಿತ್ತು. ಸರ್ಕಾರವೋ ಬಿದ್ದಿರಲೇ ಇಲ್ಲ. ಇದರ ಹಿಂದೆ ದೊಡ್ಡ ಪಿತೂರಿಯಿಲ್ಲ, ಬರೆದವರೂ ತಿದ್ದಿದವರೂ ತಮಗೆ ಬೇಕಾದದ್ದನ್ನೇ ಕಂಡರು ಎಂಬುದು ಅವರ ತೀರ್ಮಾನ. ಅಂಜಿಕೆಯಂತೆ ಆಸೆಯೂ ಸುಳ್ಳಿಗೆ ಬಾಗಿಲು ತೆರೆಯುತ್ತದೆ. ಸಾಕ್ಷ್ಯವನ್ನು ತೂಗಿ ನೋಡುವ ತರಬೇತಿ ಪತ್ರಕರ್ತರಿಗೆ ಬೇಕೆಂದು ಲಿಪ್‌ಮನ್ ಅದೇ ವರ್ಷ ಪ್ರತಿಪಾದಿಸಿದರು.

‘ಮೇನ್’ ನೌಕೆಯ ಕಥೆ ಏನಾಯಿತು? 1976ರಲ್ಲಿ ಅಡ್ಮಿರಲ್ ಹೈಮನ್ ರಿಕೋವರ್ ನೇತೃತ್ವದ ಅಧ್ಯಯನವು, ಸ್ಫೋಟಕ್ಕೆ ಕಾರಣ ನೌಕೆಯ ಒಳಗೇ ಇತ್ತು, ಕಲ್ಲಿದ್ದಲ ಕೋಠಿಯ ಬೆಂಕಿ ಪಕ್ಕದ ಮದ್ದಿನ ಕೋಣೆಗೆ ತಗುಲಿರಬೇಕು ಎಂದು ಹೇಳಿತು. ನಂತರದ ಅಧ್ಯಯನಗಳಲ್ಲಿ ಭಿನ್ನಾಭಿಪ್ರಾಯ ಉಳಿದಿದೆ. ‘ಜರ್ನಲ್’ ಎರಡೇ ದಿನದಲ್ಲಿ ತೀರ್ಮಾನಿಸಿದ್ದನ್ನು ತಜ್ಞರು ಶತಮಾನ ಕಳೆದರೂ ಖಚಿತವಾಗಿ ಹೇಳಲಾರರು.

ಇಂದು ಪತ್ರಕರ್ತರ ತರಬೇತಿ ಶಿಬಿರಗಳಲ್ಲಿ ಹಳೆಯ ಚಿತ್ರವನ್ನು ಹೊಸದೆಂದು ಹಂಚಿದರೆ ಪತ್ತೆ ಹಚ್ಚುವುದು, ವಿಡಿಯೊದಲ್ಲಿನ ನೆರಳು, ಅಂಗಡಿಯ ನಾಮಫಲಕ, ರಸ್ತೆಯ ತಿರುವುಗಳಿಂದ ಸ್ಥಳ ಗುರುತಿಸುವುದು ಮುಂತಾದವನ್ನು ಕಲಿಸುತ್ತಾರೆ. ಉಪಕರಣಗಳು ಹೊಸವು, ಪ್ರಶ್ನೆಗಳು ಹಳೆಯವು: ಇದನ್ನು ಮೊದಲು ಹೇಳಿದವರು ಯಾರು? ಅವರು ಕಣ್ಣಾರೆ ಕಂಡರೇ? ನಾಲ್ಕು ಕಡೆ ಬಂದಿರುವುದು ನಾಲ್ಕು ಸಾಕ್ಷಿಗಳೋ, ಒಂದರ ನಾಲ್ಕು ನಕಲುಗಳೋ?

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎನ್ನುತ್ತದೆ ಗಾದೆ. ಅದನ್ನು ವರದಿಗಾರನಿಗೆ ಕಲಿಸಿದರಷ್ಟೇ ಸಾಲದು. ಬೆಕ್ಕಿಲ್ಲದ ವರದಿ ತಂದವನನ್ನು ಬೈಯದಿರುವುದನ್ನು ಸಂಪಾದಕನೂ ಕಲಿಯಬೇಕಾಗುತ್ತದೆ.