ಕೊನೆಯ ದಿನ ಮೊದಲೇ ಗೊತ್ತಿರಲಿ: ಓಪನ್‌ಎಸ್‌ಎಸ್‌ಎಲ್ ಆವೃತ್ತಿಗಳ ಹಾದಿ

ಗೂಢಲಿಪಿ ತಂತ್ರಾಂಶದ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಆಲ್ಗಾರಿದಮ್‌ಗಳ ಕಥೆ ಹೇಳುತ್ತಾರೆ. ಓಪನ್‌ಎಸ್‌ಎಸ್‌ಎಲ್ ಲೈಬ್ರರಿಯ ಮಟ್ಟಿಗೆ ನನಗೆ ಅಷ್ಟೇ ದೊಡ್ಡದಾಗಿ ಕಾಣುವ ಸುಧಾರಣೆ ಕ್ಯಾಲೆಂಡರಿನ ಒಂದು ದಿನಾಂಕ: ಈ ಆವೃತ್ತಿಯನ್ನು ಇಂಥ ದಿನದವರೆಗೆ ರಿಪೇರಿ ಮಾಡಿಕೊಡುತ್ತೇವೆ ಎಂಬ ಮಾತು. ಆ ಮಾತು ಬರಲು ಹದಿನಾರು ವರ್ಷ ಹಿಡಿಯಿತು.

ಎರಿಕ್ ಯಂಗ್ ಮತ್ತು ಟಿಮ್ ಹಡ್ಸನ್ ಆಸ್ಟ್ರೇಲಿಯಾದಲ್ಲಿ ಬರೆದಿದ್ದ ಎಸ್‌ಎಸ್‌ಎಲ್‌ಇಎವೈ ಲೈಬ್ರರಿಯನ್ನು ಆಧರಿಸಿ 1998ರ ಡಿಸೆಂಬರ್‌ನಲ್ಲಿ ಓಪನ್‌ಎಸ್‌ಎಸ್‌ಎಲ್ ಹುಟ್ಟಿತು. ಆಗ ಆವೃತ್ತಿ ಸಿದ್ಧವಾದಾಗ ಬರುತ್ತಿತ್ತು, ಸಾಧ್ಯವಾದಷ್ಟು ಕಾಲ ಬದುಕುತ್ತಿತ್ತು. ದೋಷ ತಿದ್ದಿದಾಗಲೆಲ್ಲ ಸಂಖ್ಯೆಯ ಬಾಲಕ್ಕೆ ಒಂದು ಅಕ್ಷರ ಸೇರುತ್ತಿತ್ತು. 2005ರಲ್ಲಿ ಬಂದ 0.9.8 ಹತ್ತು ವರ್ಷ ಬಾಳಿ, ಝಡ್‌ವರೆಗಿನ ಅಕ್ಷರಗಳೆಲ್ಲ ಮುಗಿದು, 2015ರಲ್ಲಿ 0.9.8ಝಡ್‌ಎಚ್ ಎಂಬಲ್ಲಿಗೆ ನಿಂತಿತು.

2014ರ ಏಪ್ರಿಲ್ 7ರಂದು ಹಾರ್ಟ್‌ಬ್ಲೀಡ್ ದೋಷ ಬಯಲಾಯಿತು. ಒಂದೊಂದು ಕೋರಿಕೆಗೂ ಸರ್ವರಿನ ಮೆಮೊರಿಯಿಂದ 64 ಕಿಲೋಬೈಟ್‌ವರೆಗಿನ ಗುಟ್ಟು ಹೊರಗೆ ಸೋರಬಹುದಿತ್ತು. ಜಗತ್ತೇ ನಂಬಿಕೊಂಡಿದ್ದ ಈ ಯೋಜನೆಗೆ ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2,000 ಡಾಲರ್ ಎಂಬ ಸಂಗತಿಯೂ ಆಗಲೇ ಎಲ್ಲರಿಗೂ ತಿಳಿದದ್ದು. ಬೇಸತ್ತ ಓಪನ್‌ಬಿಎಸ್‌ಡಿ ತಂಡ ಕವಲೊಡೆದು ಲಿಬ್ರೆಎಸ್‌ಎಸ್‌ಎಲ್ ಕಟ್ಟಿತು. ಗೂಗಲ್ ಕಟ್ಟಿಕೊಂಡ ಬೋರಿಂಗ್‌ಎಸ್‌ಎಸ್‌ಎಲ್, ಹೊರಗಿನವರಿಗೆ ಯಾವ ಸ್ಥಿರತೆಯ ಭರವಸೆಯನ್ನೂ ಕೊಡುವುದಿಲ್ಲವೆಂದು ನೇರವಾಗಿ ಹೇಳಿತು. ಮೂಲ ತಂಡಕ್ಕೆ ಹಣ ಬಂತು, ಪೂರ್ಣಾವಧಿಯ ಕೆಲಸಗಾರರು ಬಂದರು. ಅದೇ ವರ್ಷದ ಡಿಸೆಂಬರ್‌ನಲ್ಲಿ ಬಿಡುಗಡೆಯ ನೀತಿಯೂ ಬಂತು. 2015ರ ಜನವರಿಯ 1.0.2ಕ್ಕೆ ದೀರ್ಘಾವಧಿ ಬೆಂಬಲ ಘೋಷಿಸಿ, 2019ರ ಡಿಸೆಂಬರ್ 31 ಕೊನೆಯ ದಿನ ಎಂದು ನಿಗದಿ ಮಾಡಿದರು. ಸುರಕ್ಷಿತ ಸಂಪರ್ಕದ ಟಿಎಲ್‌ಎಸ್ 1.3 ನಿಯಮಾವಳಿಯನ್ನು ತಂದ 1.1.1ಕ್ಕೆ 2018ರಿಂದ 2023ರ ಸೆಪ್ಟೆಂಬರ್ 11ರವರೆಗೆ ಐದು ವರ್ಷ.

ಸಂಖ್ಯೆಗಳ ಗೊಂದಲ ಮಾತ್ರ ಉಳಿದಿತ್ತು. 1.0.2ರಿಂದ 1.1.0ಕ್ಕೆ ಹೋದವರು ನಡುವಿನ ಅಂಕಿ ಒಂದು ಏರಿತೆಂದು ಭಾವಿಸಿದರೆ, ಅವರ ಹಳೆಯ ಕೋಡ್ ಕಂಪೈಲ್ ಕೂಡ ಆಗದಿರಬಹುದಿತ್ತು. 2021ರ 3.0 ಇದನ್ನು ಸರಿಪಡಿಸಿತು: ಮೊದಲ ಅಂಕಿ ಬದಲಾದರೆ ಹೊಂದಾಣಿಕೆ ಮುರಿಯಬಹುದು, ಎರಡನೆಯದು ಹೊಸ ಸೌಲಭ್ಯ, ಮೂರನೆಯದು ಕೇವಲ ರಿಪೇರಿ. 2.0 ಎಂಬ ಸಂಖ್ಯೆ ಅಮೆರಿಕದ ಫಿಪ್ಸ್ ಪ್ರಮಾಣೀಕರಣದ ಮಾಡ್ಯೂಲ್‌ಗೆ ಮೊದಲೇ ಹೋಗಿದ್ದರಿಂದ ಅದನ್ನು ದಾಟಿ ಬಂದರು. ಈಗ ಏಪ್ರಿಲ್, ಅಕ್ಟೋಬರ್ ಎಂದು ವರ್ಷಕ್ಕೆರಡು ಬಿಡುಗಡೆ. ಕ್ವಾಂಟಮ್ ಕಂಪ್ಯೂಟರಿನ ದಾಳಿಗೆ ಜಗ್ಗದ ಎಂಎಲ್-ಕೆಇಎಂ ಇರುವ 3.5ಕ್ಕೆ 2030ರ ಏಪ್ರಿಲ್‌ವರೆಗೆ ಬೆಂಬಲವಿದೆ.

ಹಳೆಯದೇ ಕ್ಷೇಮ ಎನ್ನುವವರು ಇನ್ನೂ ಇದ್ದಾರೆ. ಹಾರ್ಟ್‌ಬ್ಲೀಡ್ 0.9.8ಕ್ಕೆ ತಟ್ಟಲಿಲ್ಲ, 2022ರ ನವೆಂಬರ್‌ನಲ್ಲಿ ಜಗತ್ತನ್ನು ಬೆಚ್ಚಿಸಿದ ದೋಷ 1.1.1ಕ್ಕೆ ತಟ್ಟಲಿಲ್ಲ, ನಿಜ. ಆದರೆ ಎರಡು ಸಲವೂ ಆ ಹಳೆಯ ಆವೃತ್ತಿಗಳಿಗೆ ಬೆಂಬಲವಿತ್ತು ಎಂಬುದನ್ನು ಈ ವಾದ ಮರೆಯುತ್ತದೆ. ಕಾಯುವವರಿಲ್ಲದ ಹಳೆಯದರಲ್ಲಿ ನಾಳೆ ತೂತು ಕಂಡರೆ ಮುಚ್ಚುವವರು ಯಾರು?

ಆವೃತ್ತಿಯ ಸಂಖ್ಯೆ ನೋಡಿ ಬೆಂಬಲ ಅಳೆಯುವುದರಲ್ಲಿ ಒಂದು ತೊಡಕೂ ಇದೆ. ರೆಡ್ ಹ್ಯಾಟ್‌ನಂಥ ವಿತರಕರು ಹೊಸ ತಿದ್ದುಪಡಿಗಳನ್ನು ಹಳೆಯ ಆವೃತ್ತಿಗೇ ತಂದು ಸೇರಿಸುತ್ತಾರೆ. ಅವರ ಎಂಟನೆಯ ಆವೃತ್ತಿಯ ಲಿನಕ್ಸ್ 1.1.1ಕೆ ಎಂದು ತೋರಿಸಿದರೂ ಅದರೊಳಗೆ ಆಮೇಲಿನ ರಿಪೇರಿಗಳಿರುತ್ತವೆ. ಹೆಸರು ನೋಡಿ ತೀರ್ಪು ಕೊಡುವ ಸ್ಕ್ಯಾನರುಗಳು ಇಲ್ಲಿ ಎಡವುತ್ತವೆ. ಮನೆಯ ರೌಟರು, ಕ್ಯಾಮೆರಾಗಳ ಪಾಡು ಇನ್ನೂ ಕಷ್ಟ: ಒಳಗಿರುವ ಲೈಬ್ರರಿ ಯಾವುದು, ಅದರ ಆಯುಸ್ಸು ಎಷ್ಟು ಎಂದು ಕೊಳ್ಳುವವರಿಗೆ ತಿಳಿಯುವುದೇ ಇಲ್ಲ. ಯುರೋಪಿಯನ್ ಒಕ್ಕೂಟದ ಸೈಬರ್ ರೆಸಿಲಿಯನ್ಸ್ ಆ್ಯಕ್ಟ್ ಇಲ್ಲಿಗೆ ಕೈಯಿಟ್ಟಿದೆ. 2027ರ ಡಿಸೆಂಬರ್ 11ರಿಂದ ಅಲ್ಲಿ ಇಂಥ ಸಾಧನ ಮಾರುವ ತಯಾರಕರು, ಬೆಂಬಲ ಮುಗಿಯುವ ತಿಂಗಳು ಮತ್ತು ವರ್ಷವನ್ನು ಕೊಳ್ಳುವ ಹೊತ್ತಿಗೇ ತಿಳಿಸಬೇಕಾಗುತ್ತದೆ.